ವಿಸರ್ಜನೆಯಾಗದ ದೇವರು

ಹಂಪಿಗೆ ಬರುವ ಗೈಡೆಡ್ ಟೂರುಗಳಲ್ಲಿ ಹೆಚ್ಚಿನವು ಸಂಜೆ ಐದೂವರೆಯ ಹೊತ್ತಿಗೆ ಹೇಮಕೂಟ ಹತ್ತುತ್ತವೆ. ರಾಣಿಯರ ಸ್ನಾನಗೃಹ, ಕಮಲ ಮಹಲು, ಹಜಾರರಾಮ, ಕಲ್ಲಿನ ರಥ ಎಂದು ಬೆಳಗಿನಿಂದ ಸುತ್ತಿ ಕಾಲು ಸೋತವರಿಗೆ ಇದೇ ಕೊನೆಯ ತಾಣ. ಬಂಡೆಗಳ ಮೇಲೆ ಜಾಗ ಹಿಡಿದವರೆಲ್ಲ ಪಡುವಣಕ್ಕೆ ಮುಖ ಮಾಡಿ ಮೊಬೈಲ್ ಎತ್ತಿ ಹಿಡಿಯುತ್ತಾರೆ. ಗೈಡ್ ಸ್ಥಳಪುರಾಣ ಬಿಚ್ಚುತ್ತಾನೆ: ಪಂಪೆ ಶಿವನಿಗಾಗಿ ತಪಸ್ಸಿಗೆ ಕೂತದ್ದು, ಶಿವ ಮೂರನೆಯ ಕಣ್ಣು ತೆರೆದು ಕಾಮನನ್ನು ಸುಟ್ಟದ್ದು, ಆಮೇಲೆ ಮನಸ್ಸು ಕರಗಿ ಅವಳ ಕೈಹಿಡಿದಾಗ ಚಿನ್ನದ ಮಳೆ ಸುರಿದದ್ದು, ಎಲ್ಲವೂ ಇದೇ ಗುಡ್ಡದ ಮೇಲೆ. ಪಕ್ಕದಲ್ಲೇ ಪ್ರೀ-ವೆಡ್ಡಿಂಗ್ ಫೋಟೋ ತೆಗೆಸಿಕೊಳ್ಳುವ ಜೋಡಿ ಇರುತ್ತದೆ. ಕಾಮನನ್ನು ಸುಟ್ಟ ಜಾಗದಲ್ಲಿ ಇದೇನು ಎಂದು ಯಾರಾದರೂ ಮೂಗು ಮುರಿದರೆ, ಸುಟ್ಟ ಮೇಲೆ ಮದುವೆಯೂ ಇಲ್ಲೇ ನಿಶ್ಚಯವಾಯಿತಲ್ಲ ಎಂದು ಗೈಡ್ ಉತ್ತರಿಸಬಲ್ಲ. ವರ್ಷ ವರ್ಷವೂ ಚಳಿಗಾಲದಲ್ಲಿ ಫಲಪೂಜೆಯೆಂಬ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ, ರಥೋತ್ಸವ. ವಿರೂಪಾಕ್ಷನ ಸಂಸಾರ ಇವತ್ತಿಗೂ ನಡೆದಿದೆ.

ಆದರೆ ಅದೇ ಸಂಜೆ, ಹೊಳೆಯ ದಂಡೆಯುದ್ದಕ್ಕೆ ಎರಡು ಕಿಲೋಮೀಟರಿನಷ್ಟು ಆಚೆ, ವಿಠ್ಠಲ ದೇವಸ್ಥಾನದಲ್ಲಿ ಬೇರೆಯೇ ಸದ್ದು. ಕಾವಲುಗಾರ ಸೀಟಿ ಊದಿ ಜನರನ್ನು ಹೊರಡಿಸುತ್ತಾನೆ. ಪುರಾತತ್ವ ಇಲಾಖೆಯ ಟಿಕೆಟ್ ಇರುವ ಸ್ಮಾರಕಗಳಿಗೆ ಹೊತ್ತು ಮುಳುಗುವುದೇ ಗಡಿ. ಕೊನೆಯ ಬ್ಯಾಟರಿ ಗಾಡಿ ತಪ್ಪಿದರೆ ಗೇಟಿನವರೆಗೆ ನಡೆದೇ ಹೋಗಬೇಕು. ವಿರೂಪಾಕ್ಷದಲ್ಲಿ ಸಂಜೆಯ ಆರತಿಗೆ ಗಂಟೆ ಬಾರಿಸುವ ಹೊತ್ತಿಗೆ ವಿಠ್ಠಲದಲ್ಲಿ ಬೀಗ ಬೀಳುತ್ತದೆ.

ಎರಡೂ ಒಂದೇ ರಾಜಧಾನಿಯ ಗುಡಿಗಳು, ಒಂದೇ ಕಣಶಿಲೆ. ಎರಡಕ್ಕೂ ಕೃಷ್ಣದೇವರಾಯ ಕೈತುಂಬ ಕೊಟ್ಟ. 1510ರಲ್ಲಿ ಪಟ್ಟಾಭಿಷೇಕದ ನೆನಪಿಗೆ ವಿರೂಪಾಕ್ಷನಿಗೆ ರಂಗಮಂಟಪ ಕಟ್ಟಿಸಿದವನೇ ಮೂರು ವರ್ಷದ ಬಳಿಕ ವಿಠ್ಠಲನಿಗೂ ದತ್ತಿ ಬಿಟ್ಟ. ಒಂದು ಕಡೆ ಚಪ್ಪಲಿ ಬಿಡುತ್ತಾರೆ, ಇನ್ನೊಂದು ಕಡೆ ಟಿಕೆಟ್ ಹರಿಯುತ್ತಾರೆ. ಇಲ್ಲಿ ದೇವರಿದ್ದಾನೆ, ಅಲ್ಲಿ ಇಲ್ಲ ಎಂದು ತೀರ್ಮಾನಿಸಿದವರು ಯಾರು?

ಗೈಡ್‌ಗಳ ಬಳಿ ಇದಕ್ಕೆ ಸಿದ್ಧ ಉತ್ತರಗಳಿವೆ, ಒಂದಲ್ಲ, ಮೂರು. ಮೊದಲನೆಯದು 1565ರ ಯುದ್ಧ: ರಕ್ಕಸತಂಗಡಿಯಲ್ಲಿ ಸೋಲಾಯಿತು, ನಗರ ಹಾಳಾಯಿತು, ಮೂರ್ತಿ ಹೋಯಿತು. ಎರಡನೆಯದು ವಾರಕರಿಗಳ ಕಡೆಯ ಕಥೆ: ಸಂತ ಏಕನಾಥರ ಮುತ್ತಜ್ಜ ಭಾನುದಾಸರು ಹಂಪಿಗೆ ಬಂದು ವಿಠ್ಠಲನನ್ನು ಪಂಢರಪುರಕ್ಕೆ ಮರಳಿ ಕರೆದೊಯ್ದರು. ಮೂರನೆಯದು ಎಲ್ಲಕ್ಕಿಂತ ಸೊಗಸು: ರಾಜ ಕಟ್ಟಿಸಿದ ಈ ವೈಭವ ನೋಡಿ ವಿಠ್ಠಲನೇ ಮುಜುಗರಪಟ್ಟು, ನನಗೆ ಭೀಮಾತೀರದ ಇಟ್ಟಿಗೆಯೇ ಸಾಕು ಎಂದು ಎದ್ದು ಹೋದ. ಮೊದಲನೆಯದರಲ್ಲಿ ದೇವರನ್ನು ಓಡಿಸಲಾಯಿತು, ಎರಡನೆಯದರಲ್ಲಿ ಕರೆದೊಯ್ಯಲಾಯಿತು, ಮೂರನೆಯದರಲ್ಲಿ ಅವನೇ ಹೊರಟ. ಕೇಳುವವರಿಗೆ ಹೆಚ್ಚು ಹಿಡಿಸುವುದು ಮೂರನೆಯದೇ. ಇತಿಹಾಸದ ದೃಷ್ಟಿಯಿಂದ ಅದಕ್ಕೆ ಬೆಲೆಯಿಲ್ಲದಿದ್ದರೂ, ಬಿಟ್ಟು ಹೋಗುವ ಹಕ್ಕು ದೇವರಿಗೂ ಉಂಟು ಎಂದು ಒಪ್ಪುವ ಕಥೆ ಅದೊಂದೇ.

ದೇವರ ವಲಸೆ ಹಂಪಿಗೆ ಹೊಸದೂ ಅಲ್ಲ. ಕೃಷ್ಣ ದೇವಸ್ಥಾನದ ಬಾಲಕೃಷ್ಣ ಮೂಲದಲ್ಲಿ ಹಂಪಿಯವನಲ್ಲ. ಗಜಪತಿಗಳಿಂದ ಉದಯಗಿರಿ ಗೆದ್ದ ಕೃಷ್ಣದೇವರಾಯ ಅವನನ್ನು ಅಲ್ಲಿಂದ ತಂದು 1515ರಲ್ಲಿ ಇಲ್ಲಿ ನೆಲೆಗೊಳಿಸಿದ. ಈಗ ಆ ವಿಗ್ರಹ ಚೆನ್ನೈನ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದ ಗೆಲುವಿನ ಗುರುತಾಗಿ ಬಂದವನು ಪೂಜೆಗೊಂಡ, ಪೂಜೆಗೊಂಡವನು ಪ್ರದರ್ಶನದ ವಸ್ತುವಾದ.

ಸರ್ಕಾರದ ಉತ್ತರಕ್ಕೆ ಕಥೆಯ ಹಂಗಿಲ್ಲ. ಪುರಾತತ್ವ ಇಲಾಖೆ ಸ್ಮಾರಕಗಳನ್ನು ಜೀವಂತ, ನಿರ್ಜೀವ ಎಂದು ವಿಂಗಡಿಸುತ್ತದೆ. ಗುಡಿಯನ್ನು ಸಂರಕ್ಷಿತ ಎಂದು ಘೋಷಿಸಿದ ದಿನ ಅಲ್ಲಿ ಪೂಜೆ ನಡೆಯುತ್ತಿದ್ದರೆ ಅದು ಮುಂದುವರಿಯಬಹುದು; ಆ ದಿನ ನಿಂತುಹೋಗಿದ್ದರೆ ಹೊಸದಾಗಿ ಶುರುಮಾಡುವಂತಿಲ್ಲ. ಹಾಗಾಗಿಯೇ 2023ರಲ್ಲಿ ಹೊಯ್ಸಳ ಗುಡಿಗಳು ಒಟ್ಟಾಗಿ ಯುನೆಸ್ಕೋ ಪಟ್ಟಿ ಸೇರಿದಾಗ ಒಂದೇ ಸಾಲಿನಲ್ಲಿ ಎರಡು ಬಗೆಯ ದೇವರು ಕೂತರು. ಬೇಲೂರಿನ ಚೆನ್ನಕೇಶವನಿಗೆ ನಿತ್ಯ ನೈವೇದ್ಯ, ಸೋಮನಾಥಪುರದ ಕೇಶವನಿಗೆ ಭೇಟಿಯ ವೇಳೆ ಮಾತ್ರ. ಇಲಾಖೆಗೂ ಬೇರೆ ದಾರಿಯಿಲ್ಲ ಅನ್ನಿ. ಪ್ರತಿ ಹಾಳುಗುಡಿಯಲ್ಲೂ ಎಣ್ಣೆ, ಕುಂಕುಮ, ಕರ್ಪೂರದ ಮಸಿ ಶುರುವಾದರೆ ಐದು ನೂರು ವರ್ಷದ ಕೆತ್ತನೆ ಐವತ್ತು ವರ್ಷವೂ ಉಳಿಯದು. ಇಸ್ತಾಂಬುಲ್ಲಿನ ಹಾಗಿಯಾ ಸೋಫಿಯಾವನ್ನು 1934ರಲ್ಲಿ ಒಂದು ಸರ್ಕಾರಿ ನಿರ್ಣಯ ವಸ್ತುಸಂಗ್ರಹಾಲಯ ಮಾಡಿತು, 2020ರಲ್ಲಿ ಇನ್ನೊಂದು ನಿರ್ಣಯ ಅದನ್ನು ಮತ್ತೆ ಮಸೀದಿ ಮಾಡಿತು. ಅಲ್ಲಿ ನಿರ್ಧಾರ ಮಾಡಿದವರು ಯಾರೆಂಬುದು ಎದ್ದು ಕಾಣುತ್ತದೆ. ನಮ್ಮಲ್ಲಿ ಗೆಜೆಟ್ಟಿನ ಒಂದು ತಾರೀಖು ಅದೇ ಕೆಲಸವನ್ನು ಸದ್ದಿಲ್ಲದೆ ಮುಗಿಸಿದೆ.

ಆಗಮಗಳನ್ನು ಕೇಳಿದರೆ ಅವು ಈ ತಾರೀಖನ್ನು ಒಪ್ಪುವುದಿಲ್ಲ. ಅವುಗಳ ಲೆಕ್ಕದಲ್ಲಿ ಕಲ್ಲು ದೇವರಾಗುವುದು ಪ್ರಾಣಪ್ರತಿಷ್ಠೆಯಿಂದ. ಚೌತಿಯ ಮಣ್ಣಿನ ಗಣಪತಿಗೆ ಆವಾಹನೆ ಮಾಡುತ್ತಾರೆ, ಪೂಜೆ ಮುಗಿದ ಮೇಲೆ ವಿಸರ್ಜನೆ ಮಾಡಿ ನೀರಿಗೆ ಬಿಡುತ್ತಾರೆ. ಮಾರನೆಯ ದಿನ ಕೆರೆಯ ದಡದಲ್ಲಿ ಅರೆ ಕರಗಿದ ಸೊಂಡಿಲು ಕಂಡರೆ ಯಾರೂ ಕೈಮುಗಿಯುವುದಿಲ್ಲ. ಗರ್ಭಗುಡಿಯ ಸ್ಥಿರಮೂರ್ತಿಯ ರೀತಿ ಬೇರೆ. ಅದಕ್ಕೆ ನಿತ್ಯ ಆವಾಹನೆಯೂ ಬೇಡ, ವಿಸರ್ಜನೆಯೂ ಇಲ್ಲ. ಜೀರ್ಣೋದ್ಧಾರದಂಥ ಸಂದರ್ಭ ಬಂದಾಗ ಮಾತ್ರ ದೇವರ ಕಳೆಯನ್ನು ಕಲಶಕ್ಕೆ ಇಳಿಸಿ ಬಾಲಾಲಯದಲ್ಲಿ ಇಡುತ್ತಾರೆ. ಕೆಲಸ ಮುಗಿದ ಮೇಲೆ ಮತ್ತೆ ಒಳಗೆ ತುಂಬುತ್ತಾರೆ. ಕರಾವಳಿಯಲ್ಲಿ ಬ್ರಹ್ಮಕಲಶೋತ್ಸವ ಕಂಡವರಿಗೆ ಇದೆಲ್ಲ ಗೊತ್ತಿರುವುದೇ. ಅಂದರೆ ದೇವರನ್ನು ಹೊರಗೆ ತರಲು ಒಂದು ವಿಧಿಯಿದೆ, ಮಂತ್ರವಿದೆ, ಮುಹೂರ್ತವಿದೆ. 1565ರ ಆ ದಿನಗಳಲ್ಲಿ ಅರಮನೆಯ ಸಂಪತ್ತು ಆನೆಗಳ ಮೇಲೆ ಪೆನುಕೊಂಡೆಯ ಕಡೆ ಹೊರಟಾಗ, ಅದಕ್ಕೆಲ್ಲ ಪುರುಸೊತ್ತು ಎಲ್ಲಿತ್ತು?

ಮೂರ್ತಿ ಭಿನ್ನವಾದರೆ ಸಾನ್ನಿಧ್ಯ ತಾನಾಗಿ ಹೋಗುತ್ತದೆ ಎಂಬುದು ಶಾಸ್ತ್ರಜ್ಞರ ಉತ್ತರ. ಆದರೆ ಸ್ವಯಂಭೂ ಮೂರ್ತಿಗಳಿಗೆ ಆ ನಿಯಮ ತಾಗದು ಎಂದು ಶಾಸ್ತ್ರವೇ ಬಾಗಿಲು ತೆರೆದಿಟ್ಟಿದೆ. ರಾವಣ ಕಿತ್ತು ತಿರುಚಿದ ಎಂದು ಜನ ನಂಬುವ ಗೋಕರ್ಣದ ಆತ್ಮಲಿಂಗಕ್ಕೆ ಆ ತಿರುಚೇ ಮಹಿಮೆ.

ಈ ಗೊಂದಲವನ್ನು ಕಣ್ಣಾರೆ ಕಾಣಬೇಕಿದ್ದರೆ ಹೇಮಕೂಟದಿಂದ ಇಳಿದು, ಕೃಷ್ಣ ದೇವಸ್ಥಾನ ದಾಟಿ, ನರಸಿಂಹನ ಬಳಿ ನಿಲ್ಲಬೇಕು. 1528ರಲ್ಲಿ, ಕೃಷ್ಣದೇವರಾಯನ ಕೊನೆಗಾಲದಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ, ಎತ್ತರ 6.7 ಮೀಟರ್. ಅದು ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿ ಒಡೆದುಹೋದ ಮೇಲೆ, ಉಳಿದ ಹಲ್ಲು ಮತ್ತು ಗುಡ್ಡೆಗಣ್ಣು ನೋಡಿದ ಜನ ಉಗ್ರನರಸಿಂಹ ಎಂದರು. ಮೊಣಕಾಲುಗಳಿಗೆ ಅಡ್ಡವಾಗಿ ಕಾಣುವ ಕಲ್ಲಿನ ಯೋಗಪಟ್ಟಿ ಈಚಿನ ದುರಸ್ತಿಯಲ್ಲಿ ಕೂಡಿಸಿದ್ದು. ಪೂಜೆಯಿಲ್ಲ, ಕಬ್ಬಿಣದ ಬೇಲಿಯಿದೆ. ಗೈಡ್ ಇಲ್ಲಿ ಹಿರಣ್ಯಕಶಿಪುವಿನ ವರ ನೆನಪಿಸುತ್ತಾನೆ: ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ. ಸಂಜೆಯ ಕೆಲವು ಟೂರುಗಳು ಬಂದು ನಿಲ್ಲುವುದೂ ಅದೇ ಹೊತ್ತಿಗೆ.

ಪಕ್ಕದಲ್ಲೇ, ಇಪ್ಪತ್ತು ಹೆಜ್ಜೆಯ ಆಚೆ, ಬಡವಿಲಿಂಗ. ಮೂರು ಮೀಟರ್ ಎತ್ತರ, ಬುಡ ಸದಾ ಕಾಲುವೆ ನೀರಿನಲ್ಲಿ, ಮೇಲೆ ಚಾವಣಿ ಮುರಿದ ಗುಡಿ. ಅದನ್ನು ನೋಡಿ ಪ್ರವಾಸಿಗರು ನೀರಿಗೆ ನಾಣ್ಯ ಎಸೆದು ಮುಂದೆ ಸಾಗುತ್ತಿದ್ದ ಕಾಲದಲ್ಲಿ ಒಬ್ಬ ವೃದ್ಧ ಅರ್ಚಕರು ದಶಕಗಟ್ಟಲೆ ದಿನವೂ ಬಂದು ಪೂಜೆ ಮಾಡಿದರು. 2021ರಲ್ಲಿ ಅವರು ತೀರಿಕೊಂಡಾಗ ಒಂದು ಫೋಟೋ ನಾಡಿನ ತುಂಬ ಓಡಾಡಿತು: ಬಾಗಿದ ಬೆನ್ನಿನ ಮುದುಕರು ಲಿಂಗದ ಪೀಠ ಹತ್ತಿ, ಅದಕ್ಕೇ ಒರಗಿ, ನೆತ್ತಿ ತೊಳೆಯುತ್ತಿದ್ದಾರೆ. ದೇವರ ಮೇಲೆ ಕಾಲಿಡುವುದೇ ಎಂದು ಹುಬ್ಬೇರಿಸಿದವರೂ ಇದ್ದರು. ಅಷ್ಟು ಎತ್ತರದ ಲಿಂಗಕ್ಕೆ ಅಷ್ಟು ಗಿಡ್ಡ ಮನುಷ್ಯ ಇನ್ನು ಹೇಗೆ ತಾನೇ ಅಭಿಷೇಕ ಮಾಡಬೇಕು? ಕನ್ನಡಿಗರಿಗೆ ಇದು ಅರ್ಥವಾಗದ ಮಾತಲ್ಲ. ಗುರುತು ತಪ್ಪದಿರಲೆಂದು ಶಿವನ ಕಣ್ಣಿನ ಮೇಲೆ ಕಾಲಿಟ್ಟ ಬೇಡನ ಕಥೆಯನ್ನು ನಾಡು 1954ರಲ್ಲಿ ರಾಜಕುಮಾರ್ ಅವರ ಮೊದಲ ನಾಯಕ ಪಾತ್ರದಲ್ಲಿ ಕಣ್ಣೀರಿಟ್ಟು ನೋಡಿದೆ. ಶಾಸ್ತ್ರ, ಗೆಜೆಟ್ ಎರಡನ್ನೂ ಕೇಳದೆ ಒಬ್ಬ ಮನುಷ್ಯ ದಿನವೂ ಬಂದು ನೀರು ಹಾಕಿದ್ದರಿಂದ ಬಡವಿಲಿಂಗ ದೇವರಾಗಿ ಉಳಿಯಿತು. ಕೂಗಳತೆಯಲ್ಲಿರುವ ನರಸಿಂಹನ ಬಳಿಗೆ ಹಾಗೆ ಯಾರೂ ಬರಲಿಲ್ಲ.

ಅಷ್ಟಕ್ಕೇ ಮುಗಿಸಬಹುದಿತ್ತು: ಪೂಜೆ ಮಾಡುವವರಿರುವಲ್ಲಿ ದೇವರು, ಇಲ್ಲದಲ್ಲಿ ಕಲ್ಲು. ಕೇಳಲು ಹಿತವಾಗಿದೆ, ಸಮಾಜಶಾಸ್ತ್ರದ ಪಾಠಕ್ಕೂ ಒಗ್ಗುತ್ತದೆ. ಆದರೆ ನ್ಯಾಯಾಲಯಗಳು ಇದನ್ನು ಒಪ್ಪಿಲ್ಲ ಎಂಬುದು ಈ ಇಡೀ ವಿಚಾರದ ತಮಾಷೆಯ ಭಾಗ.

1976ರಲ್ಲಿ ತಂಜಾವೂರು ಜಿಲ್ಲೆಯ ಪತ್ತೂರಿನಲ್ಲಿ, ಚೋಳರ ಕಾಲದ ಹಾಳುಗುಡಿಯೊಂದರ ಹತ್ತಿರ ನೆಲ ಅಗೆಯುತ್ತಿದ್ದಾಗ ನಟರಾಜನ ಕಂಚಿನ ಮೂರ್ತಿ ಸಿಕ್ಕಿತು. ಕೈಯಿಂದ ಕೈಗೆ ಮಾರಾಟವಾಗಿ ಲಂಡನ್ ತಲುಪಿತು, ಕೆನಡಾದ ಕಂಪನಿಯೊಂದು ಕೊಂಡಿತು, ಪೊಲೀಸರು ಜಪ್ತಿ ಮಾಡಿದರು. ಮೊಕದ್ದಮೆಯಲ್ಲಿ ಭಾರತದ ಪರವಾಗಿ ನಿಂತವರ ಸಾಲಿನಲ್ಲಿ ಆ ಹಾಳುಗುಡಿಯೂ ಇತ್ತು. ಶತಮಾನಗಳಿಂದ ದೀಪವಿಲ್ಲದ, ಗೋಡೆ ಬಿದ್ದ ಗುಡಿ ತನ್ನ ದೇವರನ್ನು ತನಗೆ ಕೊಡಿ ಎಂದು ಲಂಡನ್ ಕೋರ್ಟಿಗೆ ಹೋಗಿತ್ತು. 1988ರಲ್ಲಿ ತೀರ್ಪು ಅದರ ಕಡೆ ಬಂತು, 1991ರಲ್ಲಿ ಮೇಲ್ಮನವಿ ವಜಾ ಆಯಿತು, ನಟರಾಜ ತಮಿಳುನಾಡಿಗೆ ಮರಳಿದ. ಹಿಂದೂ ದೇವರು ಕಾನೂನಿನ ಕಣ್ಣಲ್ಲಿ ವ್ಯಕ್ತಿ, ಆಸ್ತಿ ಹೊಂದಬಹುದು, ದಾವೆ ಹೂಡಬಹುದು ಎಂಬುದು ಬ್ರಿಟಿಷರ ಕಾಲದಿಂದ ಬಂದ ನ್ಯಾಯ. ಮೂರ್ತಿ ನಾಶವಾದರೂ ಅದರ ಹಿಂದಿನ ಧಾರ್ಮಿಕ ಉದ್ದೇಶ ನಾಶವಾಗದು, ಆ ವ್ಯಕ್ತಿತ್ವ ಮುಗಿಯದು ಎಂದು ಸುಪ್ರೀಂ ಕೋರ್ಟ್ ಕೂಡ 2019ರ ಅಯೋಧ್ಯೆ ತೀರ್ಪಿನಲ್ಲಿ ಹೇಳಿದೆ. ಹೀಗೆ ಸರ್ಕಾರದ ಒಂದು ಇಲಾಖೆ ನಿರ್ಜೀವ ಎಂದು ಪಟ್ಟಿ ಮಾಡಿದ ಗುಡಿಯ ದೇವರು ಕೋರ್ಟಿನ ಮೆಟ್ಟಿಲೇರಿದರೆ ಜೀವಂತ!

ವಿಜಯನಗರದ ಅರಸರು ಈ ವಾದವನ್ನು ನಗುತ್ತ ಒಪ್ಪಿಕೊಳ್ಳುತ್ತಿದ್ದರೇನೋ. ಅವರ ತಾಮ್ರಶಾಸನಗಳು ಸಂಸ್ಕೃತದಲ್ಲಿದ್ದರೂ ಕೊನೆಯಲ್ಲಿ ರುಜು ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’. ಆಳುವವನು ಅವನು, ನಾವು ಅವನ ಪರವಾಗಿ ಸಹಿ ಹಾಕುವವರು ಎಂಬ ಭಾವ. ವಿಠ್ಠಲನಿಗೆ ಬಿಟ್ಟ ದತ್ತಿಗಳ ಶಾಸನಗಳೂ ಪ್ರಾಕಾರದಲ್ಲಿ ಈಗಲೂ ಇವೆ. ಅಂಥ ದತ್ತಿಗಳಿಗೆ ಹಾಕುವ ಅವಧಿ ಎಲ್ಲರಿಗೂ ಗೊತ್ತು: ಸೂರ್ಯಚಂದ್ರರಿರುವವರೆಗೆ. ಹೊತ್ತು ಮುಳುಗುವುದನ್ನು ನೋಡಲು ದೂರದೂರದಿಂದ ಬರುವವರು, ಗೊತ್ತಿಲ್ಲದೆಯೇ, ಆ ಕರಾರಿನ ಸಾಕ್ಷಿಯನ್ನು ನೋಡಿ ಹೋಗುತ್ತಾರೆ. ಸಂಜೆ ಪಡುವಣಕ್ಕೆ ತಿರುಗಿ ಅರ್ಘ್ಯ ಬಿಡುವ ರೂಢಿ ಕೈಬಿಟ್ಟ ಮನೆಗಳ ಮಕ್ಕಳೇ ಅವರಲ್ಲಿ ಹೆಚ್ಚು.

ಇದನ್ನೆಲ್ಲ ಕೇಳಿ ಬಸವಣ್ಣನವರ ಕಡೆಯವರು ತಲೆ ಕೊಡವಬಹುದು. ಗುಡಿ ಕಟ್ಟಿದ್ದೇ ತಪ್ಪು, ದೇಹ ಇರುವಾಗ ಕಲ್ಲೇಕೆ ಎಂದು ಅವರು ಹಂಪಿಯ ವೈಭವಕ್ಕೂ ಶತಮಾನಗಳ ಮೊದಲೇ ಕೇಳಿದ್ದರು. ಆ ಪ್ರಶ್ನೆಗೆ ವಿಠ್ಠಲನ ಗುಡಿ ಒಂದು ಅಡ್ಡ ಉತ್ತರ ಕೊಡುತ್ತದೆ. ಅದರ ಪಕ್ಕದ ಹೊಳೆದಂಡೆಯಲ್ಲಿ ಪುರಂದರದಾಸರ ಮಂಟಪವಿದೆ. ಪುಷ್ಯ ಮಾಸದ ಅಮಾವಾಸ್ಯೆಗೆ ಆರಾಧನೆ ನಡೆಯುತ್ತದೆ, ಹಾಡುವವರು ಬರುತ್ತಾರೆ, ಪ್ರತಿ ಕೀರ್ತನೆಯ ಕೊನೆಗೆ ‘ಪುರಂದರ ವಿಠಲ’ ಬರುತ್ತದೆ. ಗರ್ಭಗುಡಿ ಖಾಲಿ, ಅಂಕಿತ ತುಂಬಿದೆ. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿದರೆ ಆ ಮಂಟಪ ಮುಳುಗುತ್ತದೆ, ಇಳಿದ ಮೇಲೆ ಮತ್ತೆ ಕಾಣಿಸುತ್ತದೆ.

ವಿಠ್ಠಲನಿಗೆ ಮತ್ತೆ ಪೂಜೆ ಶುರುಮಾಡಿದರೇನು ಎಂದು ಟೂರಿನಲ್ಲಿ ಬಂದ ಹಿರಿಯರೊಬ್ಬರಾದರೂ ಗೈಡನ್ನು ಕೇಳದೆ ಬಿಡುವುದಿಲ್ಲ. ಬೇಡ ಎನ್ನಲು ಕಾರಣಗಳಿವೆ. ತೆಂಗಿನಕಾಯಿ ಅಂಗಡಿ, ಹುಂಡಿ, ಸರತಿಯ ಕಬ್ಬಿಣದ ಕಂಬಿ ಬಂದರೆ ಕಲ್ಲಿನ ರಥಕ್ಕೂ ಸಪ್ತಸ್ವರ ಕಂಬಗಳಿಗೂ ಆಗುವ ಗತಿ ಊಹಿಸಬಹುದು. ಈ ಲೇಖಕರ ಮತವೂ ಬೇಡ ಎಂಬ ಕಡೆಗೇ. ಆದರೆ ಒಂದು ವೇಳೆ ಶುರುಮಾಡುವುದೇ ಆದರೆ ಅರ್ಚಕರ ಮುಂದೆ ಮೊದಲ ದಿನವೇ ಒಂದು ಕಗ್ಗಂಟು ಇದೆ. ಪೂಜೆ ಕೆಲವು ಕಾಲ ತಪ್ಪಿದ ಗುಡಿಗೆ ಪ್ರಾಯಶ್ಚಿತ್ತ, ಸಂಪ್ರೋಕ್ಷಣೆ ಸಾಕು. ಸಾನ್ನಿಧ್ಯವೇ ಹೋಗಿದ್ದರೆ ಹೊಸ ಮೂರ್ತಿ, ಪುನಃಪ್ರತಿಷ್ಠೆ. ನೀರು ಚಿಮುಕಿಸಿ ಶುದ್ಧಿ ಮಾಡುವುದೆಂದರೆ ಅವನು ಒಳಗೇ ಇದ್ದಾನೆ ಎಂದು ಒಪ್ಪಿದಂತೆ. ಆವಾಹನೆ ಮಾಡುವುದೆಂದರೆ ನಾಲ್ಕೂವರೆ ಶತಮಾನ ಜನ ಟಿಕೆಟ್ ಪಡೆದೋ ಪಡೆಯದೆಯೋ ಇಣುಕಿದ ಆ ಕತ್ತಲೆ ಕೋಣೆ ಖಾಲಿಯಿತ್ತು ಎಂದು ಒಪ್ಪಿದಂತೆ. ಎರಡರಲ್ಲಿ ಯಾವುದಕ್ಕೆ ಸಂಕಲ್ಪ ಹೇಳಬೇಕೆಂದು ಇಬ್ಬರು ಆಗಮಪಂಡಿತರನ್ನು ಕೂರಿಸಿ ಕೇಳಿದರೆ, ಸಂಜೆಯೊಳಗೆ ಉತ್ತರ ಸಿಗುವ ಹಾಗಿಲ್ಲ.