ಮಾತಿಗೆ ತಪ್ಪಿದವನ ಠೇವಣಿ

ಹರಾಜಿನಲ್ಲಿ ವಸ್ತುವನ್ನು ಕೂಗಿ ಪಡೆದವನು ಹಣ ತೆರದೆ ಹಿಂದೆ ಸರಿದರೆ, ಅವನು ಮೊದಲೇ ಇಟ್ಟಿದ್ದ ಠೇವಣಿಯ ಮೇಲೆ ಮಾರುವವನಿಗೆ ಎಷ್ಟು ಹಕ್ಕುಂಟು? ನ್ಯಾಯಾಲಯಕ್ಕೆ ಸೇರಿದ್ದೆಂದು ತೋರುವ ಈ ಪ್ರಶ್ನೆ ಅಣುವ್ರತಗಳನ್ನು ಸ್ವೀಕರಿಸಿದ ಶ್ರಾವಕನಿಗೆ ಅಸ್ತೇಯದ ಪ್ರಶ್ನೆಯೂ ಹೌದು, ಸತ್ಯದ ಪ್ರಶ್ನೆಯೂ ಹೌದು. ವ್ಯಾಪಾರವನ್ನೇ ಜೀವನೋಪಾಯ ಮಾಡಿಕೊಂಡ ಕುಟುಂಬಗಳು ನಮ್ಮಲ್ಲಿ ಹೆಚ್ಚಾಗಿರುವುದರಿಂದ ಇದನ್ನು ಕುರಿತು ವಿಚಾರಿಸುವುದು ಅಪ್ರಸ್ತುತವಾಗಲಾರದು. ನಾನೇ ಇದಕ್ಕೆ ಉತ್ತರ ಕೊಡಬೇಕಾದ ಸಂದರ್ಭವೊಂದು ಒದಗಿದ್ದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

2022ರಲ್ಲಿ ನಮ್ಮ ಮನೆತನದ ಹಳೆಯ ಅಕ್ಕಿ ಗಿರಣಿಯನ್ನು ಮುಚ್ಚಿ ಅದರ ಯಂತ್ರಗಳನ್ನು ಅಂತರ್ಜಾಲದ ಹರಾಜಿನಲ್ಲಿ ಮಾರಿದೆವು. ವ್ಯವಸ್ಥೆಯೆಲ್ಲ ನನ್ನ ಮಗನದು. ಹರಾಜಿನಲ್ಲಿ ಭಾಗವಹಿಸುವವರು 40,000 ರೂಪಾಯಿ ಠೇವಣಿ ಇಡಬೇಕು, ಗೆದ್ದವರು 7 ದಿನಗಳೊಳಗೆ ಪೂರ್ಣ ಹಣ ಕಟ್ಟಬೇಕು, ತಪ್ಪಿದರೆ ಠೇವಣಿ ಮಾರುವವರಿಗೆ ಸೇರುವುದು ಎಂಬುದು ನಿಯಮ. ದೂರದ ಜಿಲ್ಲೆಯ ಯುವಕನೊಬ್ಬ 4,86,000 ರೂಪಾಯಿಗೆ ಕೂಗಿದ. ಅದೇ ಕೊನೆಯ ಕೂಗಾಯಿತು. ಆರನೆಯ ದಿನ ದೂರವಾಣಿಯಲ್ಲಿ, "ಯಜಮಾನರೇ, ತಂದೆಯವರಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾರೆ, ನನ್ನಿಂದ ಆಗುವುದಿಲ್ಲ" ಎಂದ. ಎರಡನೆಯ ಸ್ಥಾನದಲ್ಲಿದ್ದವರನ್ನು ಕೇಳಿದರೆ ಅವರು ಆಗಲೇ ಬೇರೆ ಕಡೆ ಕೊಂಡಿದ್ದರು. 23 ದಿನಗಳ ಅನಂತರ ಎರಡನೆಯ ಸಲ ಹರಾಜು ನಡೆಸಿದಾಗ ಅದೇ ಯಂತ್ರಗಳಿಗೆ 5,02,000 ರೂಪಾಯಿ ಬಂತು. ಯುವಕನ ಠೇವಣಿಯೂ ನಮ್ಮ ಖಾತೆಗೆ ಜಮೆಯಾಯಿತು. ಅವನು ಅದನ್ನು ಮರಳಿ ಕೇಳಲಿಲ್ಲ. ನಿಯಮವೂ ನಮ್ಮ ಕಡೆ, ಹಣವೂ ನಮ್ಮ ಕಡೆ. ನನ್ನ ನಿದ್ರೆ ಮಾತ್ರ ನನ್ನ ಕಡೆ ಇರಲಿಲ್ಲ.

ಹಿಂದಿನ ಹರಾಜಿಗೂ ಇಂದಿನದಕ್ಕೂ ಇರುವ ಭೇದವನ್ನು ಮೊದಲು ಗಮನಿಸಬೇಕು. ನಾನು ಬಿ.ಕಾಂ. ಓದುವಾಗ ಸರಕು ಮಾರಾಟ ಅಧಿನಿಯಮ 1930ರ 64ನೆಯ ಕಲಮನ್ನು ಬಾಯಿಪಾಠ ಮಾಡಿಸಿದ್ದರು. ಸುತ್ತಿಗೆಯ ಪೆಟ್ಟಿನಿಂದಲೋ ರೂಢಿಯಲ್ಲಿರುವ ಬೇರೆ ರೀತಿಯಿಂದಲೋ ಹರಾಜು ಮುಗಿಯಿತೆಂದು ಸಾರುವವರೆಗೆ ಕೂಗಿದವನು ತನ್ನ ಕೂಗನ್ನು ಹಿಂದೆಗೆದುಕೊಳ್ಳಬಹುದು. ಸಾರಿದ ಮೇಲೆ ಮಾರಾಟ ಪೂರ್ಣವಾಯಿತು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎನ್ನುವ ನಡುವಿನ ಆ ಕ್ಷಣಗಳು ಮನುಷ್ಯನಿಗೆ ಯೋಚಿಸಲು ಕೊಟ್ಟ ಅವಕಾಶ. ಪಕ್ಕದಲ್ಲಿದ್ದ ಅಣ್ಣನೋ ಭಾವನೋ ತೋಳು ಹಿಡಿದು ಎಳೆಯುವುದೂ ಉಂಟು. ಇಂದು ರಾತ್ರಿ ಹನ್ನೊಂದಕ್ಕೆ ಒಬ್ಬನೇ ಕುಳಿತು ಗಾಜಿನ ಮೇಲೆ ಬೆರಳಿಟ್ಟರೆ ಮಾತು ಕೊಟ್ಟಂತಾಗುತ್ತದೆ. ತೋಳು ಹಿಡಿಯುವವರಿಲ್ಲ. ನಮ್ಮ ರಾಜ್ಯದ ಕೃಷಿ ಮಾರುಕಟ್ಟೆಗಳಲ್ಲಿ 2014ರಿಂದ ಬಂದಿರುವ ಏಕೀಕೃತ ವೇದಿಕೆಯಲ್ಲಿ ದರ ನಮೂದಿಸುವ ವರ್ತಕರಿಗೆ, ಒಂದು ಸೊನ್ನೆ ಹೆಚ್ಚು ಬಿದ್ದರೆ ಏನಾಗುವುದೆಂದು ನಾನು ವಿವರಿಸಬೇಕಾಗಿಲ್ಲ.

ಅನರ್ಥದಂಡ ವ್ರತದ ಅತಿಚಾರಗಳಲ್ಲಿ ಅಸಮೀಕ್ಷ್ಯಾಧಿಕರಣವೆಂಬುದೊಂದಿದೆ. ಪ್ರಯೋಜನವನ್ನು ವಿಚಾರಿಸದೆ ಅತಿಯಾಗಿ ಪ್ರವರ್ತಿಸುವುದು ಎಂದು ಅದರ ಅರ್ಥ. ಬೇಕೋ ಬೇಡವೋ ಎಂದು ನೋಡದೆ ಕೂಗುವವರೆಲ್ಲರೂ ಈ ದೋಷಕ್ಕೆ ಪಾತ್ರರು. ಆದರೆ ಕೂಗಿಸುವವನ ಪಾಲು ಇಲ್ಲವೇ? ನಮ್ಮ ಯಂತ್ರಗಳ ಭಾವಚಿತ್ರ ತೆಗೆಯುವ ಮೊದಲು ಶೆಲ್ಲರಿಗೆ ಹೊಸದಾಗಿ ಬಣ್ಣ ಬಳಿಸಿದವನು ನಾನೇ. ತುಕ್ಕು ಮುಚ್ಚಬೇಕೆಂಬ ಉದ್ದೇಶ ಇರಲಿಲ್ಲವೆಂದು ಮಗನ ಮುಂದೆ ಹೇಳಿದೆ. ಉದ್ದೇಶ ಇರಲಿಲ್ಲವೇ ಎಂದು ಏಕಾಂತದಲ್ಲಿ ಕೇಳಿಕೊಂಡಾಗ ಉತ್ತರ ಅಷ್ಟು ಸ್ಪಷ್ಟವಾಗಿ ಬರಲಿಲ್ಲ. ಅಸ್ತೇಯದ ಐದನೆಯ ಅತಿಚಾರವಾದ ಪ್ರತಿರೂಪಕ ವ್ಯವಹಾರವೆಂದರೆ ಬೆರಕೆಯ ತುಪ್ಪವೊಂದೇ ಅಲ್ಲ. ಆದುದರಿಂದ ಕೊಳ್ಳುವವನು ಹಿಂದೆ ಸರಿದನೆಂದು ಕೇಳಿದ ಕೂಡಲೇ ಮಾರುವವನು ಮಾಡಬೇಕಾದ ಮೊದಲ ಕೆಲಸ, ತನ್ನ ವರ್ಣನೆಯನ್ನು ತಾನೇ ಇನ್ನೊಮ್ಮೆ ಓದಿ ನೋಡುವುದು.

ಅನಂತರ ಆ ಮನುಷ್ಯನ ವಿಷಯ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಾಲ್ಕು ಭಾವನೆಗಳನ್ನು ಹೇಳಿದ್ದಾರೆ. ಸಮಸ್ತ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ಕ್ಲೇಶದಲ್ಲಿರುವವರಲ್ಲಿ ಕಾರುಣ್ಯ, ಉಪದೇಶಕ್ಕೆ ಒಗ್ಗದವರಲ್ಲಿ ಮಾಧ್ಯಸ್ಥ್ಯ. ಹಣ ಕಟ್ಟದವನ ಬಗೆಗೆ ಇವುಗಳಲ್ಲಿ ಯಾವುದು ಸಲ್ಲುವುದೆಂದು ನಿರ್ಣಯಿಸಬೇಕಾದರೆ ಅವನು ಯಾವ ಕಾರಣದಿಂದ ಕಟ್ಟಲಿಲ್ಲವೆಂದು ತಿಳಿಯಬೇಕು, ತಿಳಿಯಬೇಕಾದರೆ ಕೇಳಬೇಕು. ಕೇಳುವ ಮೊದಲೇ ಸಿಟ್ಟು ಬರುವುದರಿಂದ ಈ ಕ್ರಮ ತಲೆಕೆಳಗಾಗುತ್ತದೆ. ಮಾಧ್ಯಸ್ಥ್ಯವೆಂದರೆ ಉಪೇಕ್ಷೆ, ರಾಗದ್ವೇಷಗಳಿಲ್ಲದಿರುವಿಕೆ. ಪದೇ ಪದೇ ಕೂಗಿ ಕೈಕೊಡುವವನೊಡನೆ ಮುಂದೆ ವ್ಯವಹರಿಸದಿರುವುದು ಮಾಧ್ಯಸ್ಥ್ಯ. ಅವನಿಗೆ ಬುದ್ಧಿ ಕಲಿಸಲು ಹೊರಡುವುದು ಮಾಧ್ಯಸ್ಥ್ಯವಲ್ಲ.

ಅಂತರ್ಜಾಲದ ಹರಾಜುಗಳಲ್ಲಿ ಈ ಬುದ್ಧಿ ಕಲಿಸುವ ಕಾರ್ಯಕ್ಕೆ ಒಂದು ಇತಿಹಾಸವೇ ಇದೆ. ಅಮೆರಿಕದಲ್ಲಿ 1995ರಲ್ಲಿ ಆರಂಭವಾಗಿ, 2004ರಲ್ಲಿ ಭಾರತಕ್ಕೂ ಬಂದು, 2018ರಲ್ಲಿ ಇಲ್ಲಿನ ತಾಣವನ್ನು ಮುಚ್ಚಿದ ಇ-ಬೇ ಎಂಬ ಸಂಸ್ಥೆಯಲ್ಲಿ ಮೊದಲು ಮಾರುವವರೂ ಕೊಳ್ಳುವವರೂ ಪರಸ್ಪರರ ಬಗೆಗೆ ಒಳ್ಳೆಯ, ಕೆಟ್ಟ ಅಭಿಪ್ರಾಯಗಳನ್ನು ಬರೆಯಬಹುದಾಗಿತ್ತು. ಮಾರುವವರು ಸೇಡಿಗಾಗಿ ಬರೆಯುವುದು ಹೆಚ್ಚಾದುದರಿಂದ 2008ರಲ್ಲಿ ಅವರು ಕೊಳ್ಳುವವರ ಮೇಲೆ ಕೆಟ್ಟ ಅಭಿಪ್ರಾಯ ಬರೆಯದಂತೆ ಆ ಸಂಸ್ಥೆ ನಿಯಮ ಮಾಡಿತು. ಈಗ ಅಲ್ಲಿ ನಾಲ್ಕು ದಿನ ಕಾದು ಹಣ ಬಾರದಿದ್ದರೆ ಮಾರಾಟವನ್ನು ರದ್ದುಪಡಿಸಬಹುದು. ನಂತರದ ಸ್ಥಾನದಲ್ಲಿದ್ದವನಿಗೆ ಅವನ ಕೂಗಿನ ಬೆಲೆಗೇ ಕೊಡುವೆವೆಂದು ತಿಳಿಸಬಹುದು. ಬರಿಯ ವ್ಯಾಪಾರದ ಅನುಭವದಿಂದ ಅವರು ತಲುಪಿದ ಸ್ಥಳ ಇದು. ಪೈಶುನ್ಯವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ, ವಿಪತ್ತನ್ನು ತರುವುದಾದರೆ ನಿಜವನ್ನೂ ನುಡಿಯಬಾರದೆಂದು ಹೇಳಿದ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಮನೆಯಲ್ಲಿಟ್ಟುಕೊಂಡ ನಾವು ಇನ್ನೂ ಅಲ್ಲಿಗೆ ತಲುಪಿಲ್ಲ. ನನ್ನ ಮಗ ಆ ಯುವಕನ ಹೆಸರು, ಊರು, ಭಾವಚಿತ್ರಗಳೊಡನೆ "ಮೋಸಗಾರ" ಎಂಬ ಪದವನ್ನೂ ಸೇರಿಸಿ ವರ್ತಕರ ವಾಟ್ಸ್ಆ್ಯಪ್ ಬಳಗಕ್ಕೆ ಕಳುಹಿಸಿದ್ದ. ನನಗೆ ತಿಳಿದದ್ದು ಮರುದಿನ. ಅಳಿಸು ಎಂದೆ, ಅಳಿಸಿದ. ಅಷ್ಟರಲ್ಲಿ ಇನ್ನೂರು ಜನ ಓದಿದ್ದರು. ಹರಾಜಿನಲ್ಲಿ ಕೊಂಡು ಹಣ ಕಟ್ಟಲಿಲ್ಲವೆಂದು, ಕೇಳಿದವರಿಗೆ, ಇದ್ದುದನ್ನು ಇದ್ದಂತೆ ಹೇಳುವುದು ಎಚ್ಚರಿಕೆ. ಕೇಳದವರಿಗೂ ಹೇಳುವುದು, ಒಂದು ಪದವನ್ನು ಸೇರಿಸಿ ಹೇಳುವುದು ಪೈಶುನ್ಯ.

ಇನ್ನು ಠೇವಣಿ. ಇಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನು ನೋಡುವುದು ಒಳಿತು, ಏಕೆಂದರೆ ಅದೂ ಒಂದೇ ಮಾತನ್ನು ಹೇಳುವುದಿಲ್ಲ. ನ್ಯಾಯಾಲಯದ ಡಿಕ್ರಿಯಂತೆ ನಡೆಯುವ ಹರಾಜಿನಲ್ಲಿ ಕೊಂಡವನು ತಪ್ಪಿದರೆ, ಮರುಹರಾಜಿನಲ್ಲಿ ಬೆಲೆ ಕಡಿಮೆಯಾದಷ್ಟು ಮೊತ್ತಕ್ಕೆ ಅವನೇ ಹೊಣೆಯೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದಲ್ಲಿದೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರವು 1982ರಲ್ಲಿ 3.12 ಕೋಟಿಗೆ ಹರಾಜಾದ ನಿವೇಶನವೊಂದರ 78 ಲಕ್ಷ ಮುಂಗಡವನ್ನು ಮುಟ್ಟುಗೋಲು ಹಾಕಿಕೊಂಡು, 1994ರಲ್ಲಿ ಅದೇ ನಿವೇಶನವನ್ನು 11.78 ಕೋಟಿಗೆ ಮಾರಿತ್ತು. ಕೊಂಡವನು ಕರಾರನ್ನು ಮುರಿದಿರಲಿಲ್ಲ, ಪ್ರಾಧಿಕಾರಕ್ಕೆ ನಷ್ಟವೂ ಆಗಿರಲಿಲ್ಲ, ಆದುದರಿಂದ ಮುಂಗಡವನ್ನು ಹಿಂದಿರುಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ತೀರ್ಪಿತ್ತಿತು. ಆದರೆ ಸಾಲ ವಸೂಲಿಗಾಗಿ ಬ್ಯಾಂಕು ನಡೆಸಿದ ಇ-ಹರಾಜಿನ ಪ್ರಕರಣವೊಂದರಲ್ಲಿ, ಮರುಹರಾಜಿನಲ್ಲಿ ಹೆಚ್ಚು ಬೆಲೆ ಬಂದಿದ್ದರೂ ಶೇಕಡ 25ರ ಠೇವಣಿಯನ್ನು ಬ್ಯಾಂಕು ಇಟ್ಟುಕೊಳ್ಳಬಹುದೆಂದು ಅದೇ ನ್ಯಾಯಾಲಯ 2024ರಲ್ಲಿ ಹೇಳಿತು. ಸುಮ್ಮನೆ ಕೂಗಿ ಹರಾಜನ್ನು ಕೆಡಿಸುವವರಿಗೆ ಭಯವಿರಬೇಕೆಂಬುದು ಅದರ ಹಿಂದಿನ ವಿಚಾರ. ಸಾರ್ವಜನಿಕ ಹಣದ ವಿಷಯದಲ್ಲಿ ಆ ವಿಚಾರವನ್ನು ತಳ್ಳಿಹಾಕುವಂತಿಲ್ಲ.

ಕಾನೂನು ಕೊಟ್ಟದ್ದೆಲ್ಲವನ್ನೂ ಶ್ರಾವಕನು ತೆಗೆದುಕೊಳ್ಳಬಹುದೇ? ಕೊಡದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ನಮ್ಮ ಶಾಸ್ತ್ರ. "ಅವನು ನಿಯಮಕ್ಕೆ ಒಪ್ಪಿಯೇ ಕೊಟ್ಟಿದ್ದಾನಲ್ಲ, ಅದತ್ತ ಹೇಗಾಯಿತು?" ಎಂದು ಮಗ ಕೇಳಿದ. ಪ್ರಶ್ನೆ ಸರಿಯಾದುದೇ. ನಾನು ಬಹಳ ದಿನ ಉತ್ತರ ಹುಡುಕಿದ್ದು ಅಸ್ತೇಯದಲ್ಲಿ, ದೊರೆತದ್ದು ಸತ್ಯದಲ್ಲಿ. ಸತ್ಯವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವ ರೀತಿ ವಿಶಿಷ್ಟವಾಗಿದೆ. ಒಬ್ಬನು ಚಿನ್ನವನ್ನು ನಮ್ಮಲ್ಲಿ ಇಟ್ಟಿರುತ್ತಾನೆ. ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ನಾವು "ಹೌದು, ಅಷ್ಟೇ" ಎಂದು ಒಪ್ಪಿ ಕೊಟ್ಟುಬಿಡುತ್ತೇವೆ. ಇಲ್ಲಿ ಕಸಿದುಕೊಂಡವರಿಲ್ಲ. ಕೇಳಿದಷ್ಟನ್ನು ಕೊಟ್ಟೇ ಇದ್ದೇವೆ. ಆದರೂ ಅಪಹಾರ, ಏಕೆಂದರೆ ಅವನು ಕೇಳಲಿಲ್ಲವೆಂಬುದರಿಂದ ಉಳಿದದ್ದು ನಮ್ಮದಾಗಲಿಲ್ಲ. ಠೇವಣಿಯೆಂಬ ಪದದಲ್ಲೇ ಇಡುವ ಭಾವವಿದೆ, ಕೊಡುವ ಭಾವವಿಲ್ಲ. ಆ ಯುವಕ 40,000 ರೂಪಾಯಿಯನ್ನು ನನಗೆ ದಾನವಾಗಿ ಕೊಡಲಿಲ್ಲ, ಬೆಲೆಯಾಗಿಯೂ ಕೊಡಲಿಲ್ಲ. ತನ್ನಿಂದ ನಷ್ಟವಾದರೆ ಭರಿಸಿಕೊಳ್ಳಲೆಂದು ಇಟ್ಟ. ಹಾಗಾದರೆ ಅದರಲ್ಲಿ ನನ್ನ ನಷ್ಟದಷ್ಟು ನನ್ನದು. ಮಿಕ್ಕದ್ದು, ಅವನು ಕೇಳದಿದ್ದರೂ, ನ್ಯಾಸ.

ಲೆಕ್ಕ ಹಾಕಿದೆವು. ಎರಡನೆಯ ಹರಾಜಿನ ಶುಲ್ಕ 3,500. ಯಂತ್ರ ಕಾಯುವವನಿಗೆ ದಿನಕ್ಕೆ 400ರಂತೆ 23 ದಿನಕ್ಕೆ 9,200. ಬರಬೇಕಾಗಿದ್ದ ಹಣಕ್ಕೆ ಶೇಕಡ 12ರಂತೆ ಬಡ್ಡಿ 3,675. ಒಟ್ಟು 16,375 ರೂಪಾಯಿ. ಉಳಿದ 23,625ನ್ನು ಹಿಂದಿರುಗಿಸಬೇಕು. ಆದರೆ ಮರುಹರಾಜಿನಲ್ಲಿ 16,000 ಹೆಚ್ಚು ಬಂದಿತ್ತಲ್ಲ? ಅದನ್ನು ಕಳೆದರೆ ನಿಜವಾದ ನಷ್ಟ 375 ರೂಪಾಯಿ ಮಾತ್ರ. ಮರುಮಾರಾಟದ ನೋಟೀಸು ಕೊಟ್ಟಿದ್ದರೆ ಅದರಿಂದ ಬಂದ ಲಾಭದ ಮೇಲೆ ಮೊದಲ ಗಿರಾಕಿಗೆ ಹಕ್ಕಿಲ್ಲವೆಂದು 1930ರ ಅಧಿನಿಯಮದ 54ನೆಯ ಕಲಮು. ನಾವು ನೋಟೀಸು ಕೊಟ್ಟಿದ್ದೆವು. ಲಾಭ ಬಂದರೆ ನನ್ನದು, ಖರ್ಚು ಬಂದರೆ ಅವನದು ಎನ್ನುವುದು ಎಷ್ಟರಮಟ್ಟಿಗೆ ಸರಿ? ನಾನು 23,625ನ್ನೇ ಕಳುಹಿಸಿದೆ. ಆ 16,000ದ ವಿಷಯದಲ್ಲಿ ನನ್ನ ಮನಸ್ಸು ಇಂದಿಗೂ ಒಂದು ಕಡೆ ನಿಂತಿಲ್ಲ.

ಕಳುಹಿಸುವುದಕ್ಕೆ ಮುಂಚೆ ಇನ್ನೊಂದು ಸಂಗತಿ ತಿಳಿದುಬಂತು. ಆಸ್ಪತ್ರೆಯ ಮಾತು ಸುಳ್ಳು. ಅವನು ತನ್ನೂರಿನ ಹತ್ತಿರವೇ ಕಡಿಮೆ ಬೆಲೆಗೆ ಬೇರೆ ಯಂತ್ರ ಕೊಂಡಿದ್ದನೆಂದು ಲಾರಿ ಬಾಡಿಗೆಯವರಿಂದ ಗೊತ್ತಾಯಿತು. "ಇನ್ನೂ ಕಳುಹಿಸುತ್ತೀರಾ?" ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಒಂದು ವಾರ ಕಳುಹಿಸಲಿಲ್ಲ, ಒಪ್ಪಿಕೊಳ್ಳುತ್ತೇನೆ. ಕಾರುಣ್ಯದಿಂದ ಕಳುಹಿಸುತ್ತಿದ್ದೇನೆಂದು ನಾನು ತಿಳಿದಿದ್ದುದೇ ತಪ್ಪಾಗಿತ್ತು. ಅವನು ನಿಜ ಹೇಳಿದ್ದರೆ ಆ ಹಣ ಅವನದು, ಸುಳ್ಳು ಹೇಳಿದ್ದರೆ ನನ್ನದು ಎಂದು ಯಾವ ಶಾಸ್ತ್ರದಲ್ಲಿದೆ? ಅವನ ಸುಳ್ಳು ಅವನ ಕರ್ಮಬಂಧ. ಅದನ್ನು ನನ್ನ ತಿಜೋರಿಯಲ್ಲಿ ಜಮೆ ಮಾಡಿಕೊಳ್ಳಲು ಬರುವುದಿಲ್ಲ. ಕಳುಹಿಸಿದ ಮೇಲೆ "ಹಣ ಬಂತು" ಎಂಬ ಎರಡು ಪದಗಳ ಸಂದೇಶ ಬಂತು. ಬೇರೇನೂ ಬರಲಿಲ್ಲ.

ನನ್ನ ವರ್ತಕ ಮಿತ್ರರೊಬ್ಬರು, ಹೀಗೆ ಎಲ್ಲರೂ ಹಿಂದಿರುಗಿಸತೊಡಗಿದರೆ ಮಾತಿಗೆ ಬೆಲೆ ಎಲ್ಲಿ ಉಳಿಯಿತು ಎಂದು ಆಕ್ಷೇಪಿಸಿದರು. ಭಯವಿಲ್ಲದೆ ಹರಾಜು ನಡೆಯದೆಂಬುದು ದಿಟ. ಆದರೆ ಭಯಕ್ಕೆ ಬೇಕಾದಷ್ಟನ್ನು ಮೊದಲೇ ಬರೆದಿಡಬಹುದು: ಹಿಂದೆ ಸರಿದರೆ ಇಷ್ಟು ಶುಲ್ಕ ಎಂದು, ಕೂಗುವವನ ಕಣ್ಣಿಗೆ ಬೀಳುವ ಅಕ್ಷರದಲ್ಲಿ. ಅದನ್ನು ಅವನು ತಿಳಿದು ಕೊಡುತ್ತಾನೆ, ಅದು ದತ್ತ. ತಪ್ಪು ಅಂಕಿ ಒತ್ತಿದವನಿಗೆ ಮರುದಿನ ಮಧ್ಯಾಹ್ನದವರೆಗೆ ಕಾಲಾವಕಾಶ ಕೊಟ್ಟರೆ ಮಾರುವವನ ಗಂಟೇನೂ ಹೋಗುವುದಿಲ್ಲ.

ನಾನು ಇಷ್ಟು ಹೇಳಿದ್ದು ಸ್ವಂತ ಹಣದ ವಿಷಯ. ಬಸದಿಗಳ ಆಡಳಿತ ಮಂಡಳಿಯವರು ಇದನ್ನೇ ತಮಗೂ ಅನ್ವಯಿಸಿಕೊಳ್ಳಬಾರದು. ಅಭಿಷೇಕದ ಕಲಶಗಳಿಗೆ, ಪಂಚಕಲ್ಯಾಣದ ಇಂದ್ರ-ಇಂದ್ರಾಣಿ ಪದವಿಗಳಿಗೆ ನಡೆಯುವ ಸವಾಲು 2020ರ ಮಹಾಮಾರಿಯ ಕಾಲದಿಂದ ಅನೇಕ ಕಡೆ ದೂರವಾಣಿಯ ತೆರೆಯ ಮೇಲೂ ನಡೆಯುತ್ತಿದೆ. ಊರಿನಲ್ಲಿಲ್ಲದವರೂ ಭಾಗವಹಿಸಿದರೆಂದು ನಾವೆಲ್ಲ ಸಂತೋಷಪಟ್ಟೆವು. ಕೂಗಿದ ಹಣ ಬಾರದಿದ್ದಾಗ ಯಾರ ಮನೆಯ ಬಾಗಿಲಿಗೆ ಹೋಗಬೇಕೆಂಬುದು ಆಮೇಲೆ ಹೊಳೆಯಿತು. ಇಲ್ಲಿ ಕೂಗಿದವನು ಕೊಂಡದ್ದು ಯಂತ್ರವಲ್ಲ. ಕಲಶವೆತ್ತಿದ ಮೇಲೆ ಮರುಹರಾಜೆಂಬುದಿಲ್ಲ. ಅದೇ ಕಲಶವನ್ನು ಅವನಿಗಿಂತ ನೂರು ರೂಪಾಯಿ ಕಡಿಮೆ ಕೂಗಿದವನು ಭಕ್ತಿಯಿಂದ ಎತ್ತಲು ಸಿದ್ಧನಿದ್ದ. ನುಡಿದ ಕ್ಷಣದಿಂದ ಅದು ದೇವದ್ರವ್ಯ. ಧರ್ಮದರ್ಶಿಯು ತನ್ನದಲ್ಲದುದನ್ನು ಬಿಟ್ಟುಕೊಟ್ಟು ಉದಾರಿಯೆನಿಸಿಕೊಳ್ಳುವಂತಿಲ್ಲ. ಕಷ್ಟದಲ್ಲಿರುವವನಿಗೆ ಕಂತು ಕೊಡಬಹುದು, ಕಾಲ ಕೊಡಬಹುದು, ಧರ್ಮದರ್ಶಿಗಳು ತಮ್ಮ ಸ್ವಂತ ಹಣದಿಂದ ತುಂಬಬಹುದು. ಕರುಣೆಯ ದಾರಿಗಳು ಇಷ್ಟೇ. ಅದಕ್ಕಿಂತ ಮೊದಲು ಸವಾಲಿನ ಬಿಸಿಯೇರಿಸುವ ನಮ್ಮ ನಿರೂಪಕರ ನಾಲಗೆಯನ್ನು ಸ್ವಲ್ಪ ಹಿಡಿಯಬೇಕು. "ಬರಿಯ ಇಷ್ಟೇನೇ? ನಿಮ್ಮ ತಂದೆಯವರ ಹೆಸರಿಗೆ ಇದು ಸಾಕೇ?" ಎಂದು ಸಭೆಯಲ್ಲಿ ಕೆಣಕಿ ಕೂಗಿಸಿದ ಮಾತಿನಲ್ಲಿ ಕೆಣಕಿದವನ ಪಾಲೂ ಇದೆ.

ನಮ್ಮ ಊರಿನ ಬಸದಿಯ ಲೆಕ್ಕದ ಪುಸ್ತಕದಲ್ಲಿ 2021ರ ಒಂದು ಕಲಶದ 51,000 ರೂಪಾಯಿ ಇನ್ನೂ ಬಾಕಿ ಇದೆ. ಕೂಗಿದವರು ಹೊರದೇಶದಲ್ಲಿದ್ದಾರೆ, ಕೆಲಸ ಹೋಗಿದೆಯೆಂದು ಅವರ ತಾಯಿ ಹೇಳಿದರು. ಮಂಡಳಿಯ ಸಭೆಯಲ್ಲಿ ಆ ಮೊತ್ತವನ್ನು ವಜಾ ಮಾಡಬೇಕೆಂಬ ಸೂಚನೆ ಬಂದಾಗ ಬೇಡವೆಂದವನು ನಾನು. ಫಲಕದಲ್ಲಿ ಹೆಸರು ಬರೆದು ಹಾಕಬೇಕೆಂಬ ಸೂಚನೆ ಬಂದಾಗ ಬೇಡವೆಂದವನೂ ನಾನೇ. ಪ್ರತಿ ವರ್ಷ ಹೊಸ ಪುಸ್ತಕಕ್ಕೆ ಆ ಸಾಲನ್ನು ನನ್ನ ಕೈಯಿಂದಲೇ ಎತ್ತಿ ಬರೆಯುತ್ತೇನೆ. ಕಳೆದ ದೀಪಾವಳಿಯಲ್ಲಿ ಆ ತಾಯಿ ಬಸದಿಗೆ ಬಂದವರು ಸೆರಗಿನ ಗಂಟಿನಿಂದ 500 ರೂಪಾಯಿ ತೆಗೆದು, "ಮಗನ ಲೆಕ್ಕಕ್ಕೆ" ಎಂದು ಕೊಟ್ಟರು. ರಸೀದಿಯನ್ನು ಮಗನ ಹೆಸರಿನಲ್ಲಿಯೇ ಬರೆದುಕೊಟ್ಟೆ.