ತಾತನ ದವಡೆ



ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮಗಳಿಗೆ ಹ್ಯೂಸ್ಟನ್ನಿನಲ್ಲಿ ದವಡೆಯ ಶಸ್ತ್ರಚಿಕಿತ್ಸೆ ಆಯಿತು. ಕೆಳದವಡೆ ಮುಂದಕ್ಕೆ ಬೆಳೆದು ಮೇಲಿನ ಹಲ್ಲಿಗೆ ಕೆಳಗಿನದು ಕೂಡುತ್ತಲೇ ಇರಲಿಲ್ಲ. ಸ್ಯಾಂಡ್‌ವಿಚ್ ಕಚ್ಚಿದರೆ ಒಳಗಿನ ಸೊಪ್ಪು ಇಡಿಯಾಗಿ ಜಾರಿ ಬರುತ್ತಿತ್ತು.

ಮೈಸೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ತಿಳಿಸಿದಾಗ, "ಅದು ನಿಮ್ಮಪ್ಪನ ದವಡೆ ಕಣೋ. ದೇವರು ಕೊಟ್ಟ ಮುಖಕ್ಕೆ ಕತ್ತರಿ ಹಾಕಿಸ್ತೀರಾ?" ಎಂದರು. ಸುಶ್ರುತರ ಕಾಲದಲ್ಲೇ ಕತ್ತರಿಸಿಹೋದ ಮೂಗನ್ನು ಮತ್ತೆ ಕಟ್ಟುತ್ತಿದ್ದರಲ್ಲ ಎಂದೆವು. ಅಮ್ಮ ಬಿಡಲಿಲ್ಲ. ಇಂದ್ರನ ವಜ್ರಾಯುಧದ ಪೆಟ್ಟಿಗೆ 'ಹನು', ಅಂದರೆ ದವಡೆ, ಮುರಿದದ್ದಕ್ಕೇ ಹನುಮಂತನೆಂಬ ಹೆಸರು ಬಂತು. ಅವನೇನು ಸರಿ ಮಾಡಿಸಿಕೊಂಡನೇ ಎಂದು ಕೇಳಿದರು! ನಮ್ಮಲ್ಲಿ ಉತ್ತರವಿರಲಿಲ್ಲ. "ಅಂದಕ್ಕಲ್ಲಮ್ಮ, ಊಟಕ್ಕೆ" ಎಂದಷ್ಟೇ ಹೇಳಿದೆವು. ಇನ್ಶೂರೆನ್ಸಿನವರಿಗೂ ಅದನ್ನೇ ಮೂರು ಸಲ ಬರೆದಿದ್ದೆವು.

ಕೆಳದವಡೆಯ ಮೂಳೆಯನ್ನು ಎರಡೂ ಬದಿಯಲ್ಲಿ ಉದ್ದಕ್ಕೆ ಸೀಳಿ, ಹಿಂದಕ್ಕೆ ಸರಿಸಿ, ಟೈಟೇನಿಯಂ ಪಟ್ಟಿ ಮತ್ತು ಸಣ್ಣ ಸ್ಕ್ರೂಗಳಿಂದ ಬಿಗಿಯುತ್ತಾರೆ. ಯೂರೋಪಿನಲ್ಲಿ ಡಾ. ಓಬ್ವೆಗೇಸರ್ 1950ರ ದಶಕದಲ್ಲಿ ತೋರಿಸಿಕೊಟ್ಟ ದಾರಿ ಇದು. ಮೂಳೆ ಕೂಡಲು ಸುಮಾರು 6 ವಾರ ಬೇಕು; ಅಲ್ಲಿಯವರೆಗೆ ಅಗಿಯುವಂತಿಲ್ಲ. ಆಸ್ಟಿನ್ನಿನ ನಮ್ಮ ಅಡುಗೆಮನೆಯಲ್ಲಿ ರಾಗಿ ಅಂಬಲಿ, ಬೇಳೆಕಟ್ಟು, ತಿಳಿಸಾರು, ಮಜ್ಜಿಗೆ. ಒಂದು ದಿನ ಬಿಸಿಬೇಳೆಬಾತನ್ನೂ ಮಿಕ್ಸಿಗೆ ಹಾಕಿ ಸೋಸಿದ ಪಾಪ ನಮ್ಮದು. ಅವಳ ಎದುರಿಗೆ ಒಗ್ಗರಣೆ ಹಾಕಲು ಸಂಕೋಚಪಟ್ಟರೆ, ಸ್ಲೇಟಿನ ಮೇಲೆ ಬರೆದು ತೋರಿಸಿದಳು: "ವಾಸನೆಯಾದರೂ ಬರಲಿ."

ಬಾವು ಇಳಿದ ಮೇಲೆ ಡಲ್ಲಾಸಿನಲ್ಲಿ ಸ್ನೇಹಿತರ ಮನೆಯ ಸತ್ಯನಾರಾಯಣ ಪೂಜೆಗೆ ಹೋದೆವು. ಬಂದವರೆಲ್ಲ ಪ್ರೀತಿಯಿಂದಲೇ "ಈಗ ಎಷ್ಟು ಲಕ್ಷಣವಾಗಿದ್ದಾಳೆ!" ಎಂದರು. ನಮಗೂ ಹಿಗ್ಗು. ವಾಪಸು ಬರುವಾಗ, ವೇಕೋ ದಾಟಿದ ಮೇಲೆ, ಹಿಂದಿನ ಸೀಟಿನಿಂದ ಕೇಳಿದಳು: "ಹಾಗಾದ್ರೆ ಮೊದಲು ಹೇಗಿದ್ದೆ?"

ಆಸ್ಟಿನ್ ಬರುವ ತನಕ ನಾವಿಬ್ಬರೂ ಮಾತಾಡಲಿಲ್ಲ. ಊಟಕ್ಕೆಂದು ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಾಲಿನಲ್ಲಿದ್ದ ಅವಳ ಹೈಸ್ಕೂಲು ಪದವಿಯ ಫೋಟೋವನ್ನು ಒಳಗಿಡೋಣವೇ ಎಂದು ಅದರ ಹಿಂದಿನ ವಾರವಷ್ಟೇ ನಾವು ಪಿಸುಗುಟ್ಟಿಕೊಂಡಿದ್ದೆವು. ಅಂದ ಬಯಸುವುದು ತಪ್ಪೆಂದು ನಮಗೆ ಈಗಲೂ ಅನಿಸುವುದಿಲ್ಲ. ದೇವರ ಮೂರ್ತಿಗೇ ಅಲಂಕಾರ ಮಾಡುವವರು ನಾವು. ಆದರೆ ಹೊಸ ಮುಖವನ್ನು ಹೊಗಳುವಾಗ ಹತ್ತೊಂಬತ್ತು ವರ್ಷ ನಮ್ಮನ್ನು ನೋಡಿ ನಕ್ಕ ಮುಖವನ್ನು ಅವಳ ಎದುರಿಗೇ ಹಳಿದಂತಾಗಲಿಲ್ಲವೇ? ಅಮ್ಮ ಕೇಳಿದ್ದು ಇದನ್ನೇ ಇರಬೇಕು. ನಾವು ಸುಶ್ರುತರನ್ನು ಮುಂದೆ ಮಾಡಿ ತಪ್ಪಿಸಿಕೊಂಡೆವು.

ಫೋಟೋ ಗೋಡೆಯ ಮೇಲೇ ಇದೆ, ತಾತನ ಫೋಟೋದ ಪಕ್ಕಕ್ಕೆ ಅವಳೇ ಸರಿಸಿದ್ದಾಳೆ. ದವಡೆಯೊಳಗೆ ಹಾಯುವ ನರಕ್ಕೆ ಪೆಟ್ಟಾದ್ದರಿಂದ ಕೆಳತುಟಿಗೆ ಸ್ಪರ್ಶ ಇನ್ನೂ ಪೂರ್ತಿ ಬಂದಿಲ್ಲ. ಊಟದ ಹೊತ್ತಿಗೆ ಗಲ್ಲದ ಮೇಲೆ ಸಾರಿನ ಹನಿ ನಿಂತರೆ ಅವಳಿಗೆ ತಿಳಿಯುವುದಿಲ್ಲ. ನಾವು ಏನೂ ಹೇಳದೆ ನಮ್ಮ ಗಲ್ಲ ಮುಟ್ಟಿಕೊಳ್ಳುತ್ತೇವೆ; ಅವಳು ಒರೆಸಿಕೊಳ್ಳುತ್ತಾಳೆ.