ಯಾರ ನೀರು?

ಬೇಸಿಗೆಯ ನೀರಿನ ಬೆಲೆಯನ್ನು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದರ ಧರ್ಮಾಧರ್ಮದ ಬಗ್ಗೆ ನಾನು ಯೋಚಿಸತೊಡಗಿದ್ದು ಒಂದು ಕಂಪ್ಯೂಟರ್ ಆಟದಿಂದ ಎಂದರೆ ಬ್ಯಾಂಕಿನ ಗೆಳೆಯರು ನಗುತ್ತಾರೆ. ನಗಲಿ.

ಆಟದ ಹೆಸರು 'ಫಾಲ್‌ಔಟ್'. ಅಮೆರಿಕದ ಇಂಟರ್‌ಪ್ಲೇ ಸಂಸ್ಥೆ 1997ರಲ್ಲಿ ಹೊರತಂದದ್ದು. ಕಾಲೇಜಿಗೆ ಹೋಗುವ ಮಗಳು ಅದನ್ನು ಎಲ್ಲಿಂದಲೋ ಹುಡುಕಿ ತಂದು ನನ್ನನ್ನೂ ಕೂರಿಸಿದಳು. ಅದರ ಕತೆಯಲ್ಲಿ 2077ರ ಅಣುಯುದ್ಧದಿಂದ ಲೋಕ ಸುಟ್ಟುಹೋಗಿದೆ. ಕ್ಯಾಲಿಫೋರ್ನಿಯಾದ ಬೆಟ್ಟವೊಂದರೊಳಗೆ 'ವಾಲ್ಟ್ 13' ಎಂಬ ನೆಲಮಾಳಿಗೆಯಲ್ಲಿ ಕೆಲವರು ತಲೆಮಾರುಗಳಿಂದ ಅಡಗಿ ಬದುಕಿದ್ದಾರೆ. (ವಾಲ್ಟ್ ಎಂದೊಡನೆ ನನಗೆ ನಮ್ಮ ಸ್ಟ್ರಾಂಗ್ ರೂಮ್ ನೆನಪಾಯಿತು. ಇಲ್ಲಿ ನೋಟು, ಅಲ್ಲಿ ಮನುಷ್ಯರು.) 2161ರಲ್ಲಿ ಅವರ ನೀರಿನ ಯಂತ್ರದ ಚಿಪ್ ಕೆಡುತ್ತದೆ. 150 ದಿನಗಳೊಳಗೆ ಇನ್ನೊಂದನ್ನು ತರಬೇಕೆಂದು ಆಡುವವನನ್ನು ಹೊರಗೆ ಕಳಿಸುತ್ತಾರೆ.

ಹೊರಡುವ ಮೊದಲೇ ಆಡುವವನು ತನ್ನ ಪಾತ್ರವನ್ನು ತಾನೇ ರೂಪಿಸಿಕೊಳ್ಳಬೇಕು. ಮೂರು ವಿದ್ಯೆಗಳಿಗೆ ವಿಶೇಷ ಗುರುತು ಹಾಕಬೇಕು. ನಾನು ಬಂದೂಕು, ಮಾತುಗಾರಿಕೆ, ಬೀಗ ತೆರೆಯುವುದು, ಇವನ್ನು ಆರಿಸಿದೆ. ದುರಸ್ತಿ ಎಂಬುದೂ ಪಟ್ಟಿಯಲ್ಲಿತ್ತು. ಗುಮಾಸ್ತನಿಗೆ ಅದೇಕೆಂದು ಬಿಟ್ಟೆ.

ಅಲೆದಲೆದು ಕೊನೆಗೆ ಚಿಪ್ ಸಿಕ್ಕಿದ್ದು ನೆಕ್ರೊಪೊಲಿಸ್ ಎಂಬ ಹಾಳು ಪಟ್ಟಣದಲ್ಲಿ. ಅಲ್ಲಿರುವವರು ಗೂಲ್‌ಗಳು, ಅಂದರೆ ವಿಕಿರಣಕ್ಕೆ ಸಿಕ್ಕಿ ಮೈಚರ್ಮ ಕೊಳೆತರೂ ಸಾಯದೆ ಉಳಿದ ಮನುಷ್ಯರು. ಆ ಚಿಪ್ಪಿನಿಂದಲೇ ಅವರ ನೀರು. ಚರಂಡಿಯೊಳಗೆ ಬದುಕುವ ಕೆಲವರು ನನ್ನನ್ನು ಬೇಡಿಕೊಂಡರು: ಚಿಪ್ ಒಯ್ಯುವ ಮೊದಲು ನಮ್ಮ ಹಳೆಯ ಪಂಪನ್ನು ಸರಿಮಾಡಿಕೊಡಿ. ಬೇಕಾದ ಬಿಡಿಭಾಗಗಳೂ ಅಲ್ಲೇ ಇದ್ದವು. ನಾನು ಎರಡು ಸಲ ಕೈಹಾಕಿ ನೋಡಿದೆ, ಆಗಲಿಲ್ಲ. ದಿನಗಳು ಮುಗಿಯುತ್ತ ಬಂದಿದ್ದವು. ಕಿತ್ತುಕೊಂಡು ಬಂದೆ. ವಾಲ್ಟಿನಲ್ಲಿ ನನಗೆ ಶಾಭಾಸ್‌ಗಿರಿ ಸಿಕ್ಕಿತು.

"ಅಲ್ಲಿಯವರು ಏನಾದರು, ಅಪ್ಪಾ?" ಎಂದು ಮಗಳು ಕೇಳಿದಳು. ನಾನು ತಿರುಗಿಯೂ ನೋಡಿರಲಿಲ್ಲ. ಪಂಪ್ ಸರಿಯಾಗದೆ ಚಿಪ್ ಹೋದರೆ ಅವರು ಬಾಯಾರಿ ಸಾಯುತ್ತಾರೆಂದು ಅವಳೇ ತಿಳಿಸಿದಳು.

ಇದಕ್ಕೆ ನಮ್ಮಲ್ಲಿ ಆಪದ್ಧರ್ಮವೆಂಬ ಸಮಾಧಾನವಿದೆ. ಶಾಂತಿಪರ್ವದಲ್ಲಿ ಹನ್ನೆರಡು ವರ್ಷದ ಬರಗಾಲಕ್ಕೆ ಸಿಕ್ಕಿದ ವಿಶ್ವಾಮಿತ್ರ ಚಂಡಾಲನೊಬ್ಬನ ಗುಡಿಸಲಿನಿಂದ ನಾಯಿಮಾಂಸವನ್ನು ಕದಿಯಲು ಹೋಗುತ್ತಾನೆ. ಇಬ್ಬರಿಗೂ ದೊಡ್ಡ ವಾದವಾಗುತ್ತದೆ. ಆದರೆ ವಾದದ ಬಹುಭಾಗ ಋಷಿಯ ಶುದ್ಧಿ, ಋಷಿಯ ಪ್ರಾಣ, ಋಷಿಯ ಪಾಪದ ಕುರಿತೇ. ಬರಗಾಲ ಆ ಮನೆಯವನಿಗೂ ಇತ್ತಲ್ಲ? ಆ ರಾತ್ರಿ ಅವನು ಏನು ತಿಂದ? ಬಿ.ಎ.ಗೆ ಓದುವಾಗ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಮಗಳಿಗೆ ಹೇಳದ ಸಂಗತಿಯೊಂದಿದೆ. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಅಜ್ಜ ತೋಡಿಸಿದ ಸುರಂಗವಿದೆ. ಟಾಂಕಿ ತುಂಬಿ ಹರಿದ ನೀರು ಕೆಳಮನೆಗೆ ಹೋಗುವುದು ಅವರ ಕಾಲದಿಂದ ನಡೆದು ಬಂದ ರೂಢಿ. ಒಂದು ಮೇ ತಿಂಗಳಲ್ಲಿ ನೀರು ಬೆರಳಿನ ದಪ್ಪಕ್ಕೆ ಇಳಿದಿತ್ತು. ಆ ವರ್ಷವೇ ಅಡಿಕೆ ಸಸಿ ನೆಟ್ಟಿದ್ದೆ. ನಾನೇ ಹಾರೆ ಹಿಡಿದು ಕಣಿಯನ್ನು ತೋಟದ ಕಡೆಗೆ ತಿರುಗಿಸಿದೆ. ನಮ್ಮ ಗುಡ್ಡ, ನಮ್ಮ ನೀರು, ಲೆಕ್ಕದಲ್ಲಿ ತಪ್ಪಿರಲಿಲ್ಲ. ಕೆಳಮನೆಯಾಕೆ ಜಗಳಕ್ಕೆ ಬರಲಿಲ್ಲ. ಮರುದಿನದಿಂದ ಕೊಡಪಾನ ಹಿಡಿದು ರಸ್ತೆ ಬದಿಯ ಬಾವಿಗೆ ಹೋಗತೊಡಗಿದರು, ಸರಿಯಾಗಿ ನಾನು ಬ್ಯಾಂಕಿಗೆ ಹೊರಡುವ ಹೊತ್ತಿಗೆ.

ಇಕ್ಕಟ್ಟಿನ ಗಳಿಗೆಯಲ್ಲಿ ಬೇರೆ ದಾರಿಯಿರಲಿಲ್ಲ ಎನ್ನುತ್ತೇವೆ. ನಿಜವಿರಬಹುದು. ಆದರೆ ನನ್ನ ತಪ್ಪು ನೆಕ್ರೊಪೊಲಿಸ್‌ನಲ್ಲಿ ಆದದ್ದಲ್ಲ. ದುರಸ್ತಿ ನನಗೇಕೆ ಎಂದು ಬಿಟ್ಟ ದಿನವೇ ಆಗಿತ್ತು. ಫೆಬ್ರವರಿಯಲ್ಲೇ ಸುರಂಗದ ಹೂಳು ತೆಗೆಸಿದ್ದರೆ ಮೇ ತಿಂಗಳ ಲೆಕ್ಕವೇ ಬೇರೆಯಾಗುತ್ತಿತ್ತೋ ಏನೋ.

ಆಟದ ಕೊನೆಯೂ ವಿಚಿತ್ರ. ಎಲ್ಲ ಗೆದ್ದು ಮರಳಿದವನನ್ನು ವಾಲ್ಟಿನ ಮುಖ್ಯಸ್ಥ ಬಾಗಿಲಲ್ಲೇ ತಡೆಯುತ್ತಾನೆ. ಹೊರಗಿನ ಲೋಕ ನಿನ್ನನ್ನು ಬದಲಿಸಿದೆ, ನಿನ್ನನ್ನು ನೋಡಿ ನಮ್ಮ ಹುಡುಗರೂ ಹೊರಟಾರು ಎಂದು ಹೊರಗಟ್ಟುತ್ತಾನೆ. ಯಾರನ್ನು ನಮ್ಮವರೆಂದುಕೊಂಡು ಆ ಚಿಪ್ ಕಿತ್ತೆನೋ ಅವರಿಗೆ ನಾನು ನಮ್ಮವನಾಗಿ ಉಳಿದಿರಲಿಲ್ಲ.

ಮಗಳು ಮೊನ್ನೆ ಮತ್ತೆ ಮೊದಲಿನಿಂದ ಶುರುಮಾಡಿದ್ದಾಳೆ. ದುರಸ್ತಿಗೇ ಮೊದಲ ಗುರುತು ಹಾಕಿದಳು. ದಿನಗಳ ಲೆಕ್ಕ ಇಡುವ ಕೆಲಸ ನನ್ನದು. ಇಂದಿಗೆ 41 ಮುಗಿದಿದೆ.